ಜಗಳ ಬಂದಾಗ ಯಾವ ದಾರಿ? ಮುಂಬೈಯಲ್ಲಿರುವ ನಮ್ಮವರಿಗೊಂದು ಹೋಲಿಕೆ

ಮೇಲಿನ ಮನೆಯ ಬಾತ್‌ರೂಮಿನ ನೀರು ನಿಮ್ಮ ಸೀಲಿಂಗಿನಿಂದ ಇಳಿಯುತ್ತಿದೆ. ಊರಿನ ಜಾಗ ಇನ್ನೂ ಪಾಲಾಗಿಲ್ಲ. ಹೋಟೆಲಿನ ಪಾರ್ಟ್ನರ್ ಲೆಕ್ಕ ಕೇಳಿದರೆ ಮಾತು ಬದಲಿಸುತ್ತಾರೆ. ಆಫೀಸಿನಲ್ಲಿ ಪಕ್ಕದ ಸೀಟಿನವರು ನಿಮ್ಮ ಕೆಲಸವನ್ನು ತಮ್ಮದೆಂದು ತೋರಿಸುತ್ತಾರೆ. ಈ ಎಲ್ಲದಕ್ಕೂ ನಮ್ಮವರ ಬಳಿ ಇರುವ ಸಲಹೆ ಎರಡೇ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನುವುದು ಒಂದು. "ಕೇಸ್ ಹಾಕಿ ಬಿಡಿ, ಬುದ್ಧಿ ಬರುತ್ತೆ" ಅನ್ನುವುದು ಇನ್ನೊಂದು.

ಇವೆರಡರ ನಡುವೆ ಐದಾರು ದಾರಿಗಳಿವೆ. ಕೆಲವಕ್ಕೆ ಖರ್ಚೇ ಇಲ್ಲ, ಕೆಲವಕ್ಕೆ ಒಂದು ಹಾಳೆ, ಒಂದು ಪೆನ್ನು ಸಾಕು. ಆದರೆ ಯಾವ ಜಗಳ ಅಂತ ನೋಡದೆ ಕೈಗೆ ಸಿಕ್ಕ ದಾರಿ ಹಿಡಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ. ನಾನು ವಕೀಲನಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ಕಮಿಟಿಯಲ್ಲಿ ಕೆಲವು ವರ್ಷ ಕೂತವನು, ಹೋಟೆಲ್ ನಡೆಸುವ ನೆಂಟರ ನಡುವೆ ಬೆಳೆದವನು. ಹಾಗಾಗಿ ಸೋರುವ ಪೈಪು, ಮುರಿದ ಪಾರ್ಟ್ನರ್‌ಶಿಪ್ಪು ಎರಡನ್ನೂ ಹತ್ತಿರದಿಂದ ನೋಡಿದ್ದೇನೆ.

ದಾರಿ ಆರಿಸುವ ಮೊದಲು ಮೂರು ಪ್ರಶ್ನೆ

ಒಂದು: ವಿಷಯ ನಾಳೆ ಬೆಳಿಗ್ಗೆಯೇ ಸರಿಹೋದರೆ ನಿಮ್ಮ ಸಿಟ್ಟೂ ಹೋಗುತ್ತದಾ? ಹೋಗುತ್ತದೆ ಅಂದರೆ ಅದು ವಸ್ತುವಿನ ಜಗಳ. ನೀರು, ದುಡ್ಡು, ಪಾರ್ಕಿಂಗ್ ಜಾಗ, ಗದ್ದಲ, ಇಂಥವು. ಹೋಗುವುದಿಲ್ಲ, "ಅವನು ನನ್ನ ಹತ್ರ ಹಾಗೆ ಮಾತಾಡಿದ್ದು ಸರೀನಾ?" ಅನ್ನುವುದು ಉಳಿಯುತ್ತದೆ ಅಂದರೆ ಅದು ಮರ್ಯಾದೆಯ ಜಗಳ. ಮೊದಲನೆಯದಕ್ಕೆ ಪ್ಲಂಬರ್, ಲೆಕ್ಕಪತ್ರ, ನಿಯಮ ಬೇಕು. ಎರಡನೆಯದಕ್ಕೆ ಎಷ್ಟು ನಿಯಮ ತೋರಿಸಿದರೂ ಬೆಂಕಿಗೆ ತುಪ್ಪ ಸುರಿದಂತೆ. ಅಲ್ಲಿ ಮೊದಲು ಯಾರಾದರೂ ಬಂದು ಎದುರಿಗೆ ಕೂರಬೇಕು. ಎರಡೂ ಬೆರೆತಿದ್ದರೆ, ಸಾಮಾನ್ಯವಾಗಿ ಬೆರೆತೇ ಇರುತ್ತದೆ, ಮರ್ಯಾದೆಯ ಭಾಗವನ್ನು ಮೊದಲು ಮುಟ್ಟಿ. ಅದು ಸ್ವಲ್ಪ ತಣ್ಣಗಾಗದೆ ಲೆಕ್ಕ ಯಾರ ತಲೆಗೂ ಹೋಗುವುದಿಲ್ಲ.

ಎರಡು: ಇವರ ಮುಖ ನಾಳೆಯೂ ನೋಡಬೇಕಾ? ಡಿಪಾಸಿಟ್ ಕೊಡದ ಮನೆ ಓನರ್ ಮುಖ ನೀವು ಮತ್ತೆ ನೋಡಬೇಕಾಗಿಲ್ಲ. ಅಣ್ಣನ ಮುಖ, ಅದೇ ಲಿಫ್ಟಿನಲ್ಲಿ ಇಳಿಯುವ ಪಕ್ಕದ ಮನೆಯವರ ಮುಖ ನೋಡಲೇಬೇಕು. ಮುಂಬೈಯಲ್ಲಿ ಮನೆ ಬದಲಿಸುವುದು ಅಂದರೆ ಏನು ಅಂತ ಇಲ್ಲಿದ್ದವರಿಗೆ ಗೊತ್ತು. ಗೋಡೆ ಹಂಚಿಕೊಂಡವರ ಜೊತೆ ಗೆದ್ದರೂ ಗೋಡೆ ಅಲ್ಲೇ ಇರುತ್ತದೆ.

ಮೂರು: ಎಷ್ಟು ಮೇಲಕ್ಕೆ ಹತ್ತಿದೆ? ಫ್ರೀಡ್ರಿಖ್ ಗ್ಲಾಸ್ಲ್ ಎಂಬ ಆಸ್ಟ್ರಿಯಾದವರು 1980ರಲ್ಲಿ ಜಗಳಕ್ಕೆ ಒಂಬತ್ತು ಮೆಟ್ಟಿಲು ಮಾಡಿ ತೋರಿಸಿದರು. ಮೊದಲ ಮೂರರಲ್ಲಿ ಇಬ್ಬರೂ ಗೆಲ್ಲಬಹುದು. ನಡುವಿನ ಮೂರರಲ್ಲಿ ಒಬ್ಬ ಗೆದ್ದರೆ ಇನ್ನೊಬ್ಬ ಸೋಲಲೇಬೇಕು. ಕೊನೆಯ ಮೂರರಲ್ಲಿ "ನಾನು ಮುಳುಗಿದರೂ ಪರವಾಗಿಲ್ಲ, ಅವನು ಮುಳುಗಬೇಕು." ಒಂಬತ್ತನ್ನೂ ನೆನಪಿಡುವ ಅಗತ್ಯವಿಲ್ಲ, ಒಂದು ಗುರುತು ಸಾಕು: ಇಬ್ಬರೂ ತಮ್ಮ ಪರವಾಗಿ ಜನ ಸೇರಿಸಲು ಶುರು ಮಾಡಿದ್ದಾರಾ? ವಾಟ್ಸಾಪ್ ಗ್ರೂಪಿನಲ್ಲಿ ಪಕ್ಷ ಕಟ್ಟಿದ್ದಾರಾ? ಹಾಗಿದ್ದರೆ ಇಬ್ಬರೇ ಕೂತು ಮಾತಾಡಿ ಬಗೆಹರಿಸುವ ಕಾಲ ದಾಟಿತು. ಈಗ ಮೂರನೆಯವರು ಬೇಕು.

ಈ ಮೂರಕ್ಕೂ ಮೊದಲು ಇನ್ನೊಂದಿದೆ. ಎದುರಿನವರನ್ನು ಕಂಡರೆ ನಿಮಗೆ ಭಯವಾಗುತ್ತದಾ? ಕೈ ಎತ್ತಿದ್ದಾರಾ, ಬೆದರಿಸಿದ್ದಾರಾ, ಮನೆಯಿಂದ ಹೊರಗೆ ಹಾಕುತ್ತೇನೆ ಅಂದಿದ್ದಾರಾ? ಆಗ ಇದು ಜಗಳದ ಲೆಕ್ಕದಲ್ಲಿ ಬರುವುದೇ ಇಲ್ಲ. ಅದರ ಬಗ್ಗೆ ಕೆಳಗೆ ಬರೆದಿದ್ದೇನೆ, ತುರ್ತಿದ್ದರೆ ನೇರ ಅಲ್ಲಿಗೇ ಹೋಗಿ.

ನಾವು ನಡೆದುಕೊಳ್ಳುವ ಐದು ರೀತಿ

1974ರಲ್ಲಿ ಕೆನೆತ್ ಥಾಮಸ್, ರಾಲ್ಫ್ ಕಿಲ್ಮನ್ ಎಂಬ ಅಮೆರಿಕದ ಇಬ್ಬರು ಜಗಳದಲ್ಲಿ ಜನ ಐದು ರೀತಿ ನಡೆದುಕೊಳ್ಳುತ್ತಾರೆ ಅಂದರು. ಹಟ ಹಿಡಿಯುವುದು, ಬಿಟ್ಟುಕೊಡುವುದು, ತಪ್ಪಿಸಿಕೊಳ್ಳುವುದು, ಅರ್ಧ ಅರ್ಧ ಮಾಡುವುದು, ಇಬ್ಬರಿಗೂ ಪೂರ್ತಿ ಸರಿಹೋಗುವ ದಾರಿ ಹುಡುಕುವುದು. ಐದಕ್ಕೂ ಅದರದರ ಜಾಗ ಇದೆ ಅನ್ನುವುದು ಅವರ ಮಾತಿನ ಸಾರ. ನನಗೆ ಇದು ಹಿಡಿಸುತ್ತದೆ. ನಮ್ಮಲ್ಲಿ "ಬಿಟ್ಟುಕೊಟ್ಟವನೇ ದೊಡ್ಡವನು" ಅಂತ ಒಂದನ್ನೇ ಹಿಡಿದು ಕೂರುತ್ತಾರಲ್ಲ, ಅದರಿಂದ ಬಿಟ್ಟುಕೊಟ್ಟವರೇ ಮತ್ತೆ ಮತ್ತೆ ಬಿಟ್ಟುಕೊಡಬೇಕಾಗುತ್ತದೆ.

ಸುಮ್ಮನಿರುವುದು ಯಾವಾಗ ಸರಿ? ವಿಷಯ ಚಿಕ್ಕದು, ಇನ್ನೊಂದು ವಾರಕ್ಕೆ ತಾನೇ ಮುಗಿಯುತ್ತದೆ ಅನ್ನುವಾಗ. ಪಕ್ಕದ ಮನೆಯಲ್ಲಿ ಮದುವೆ, ನಾಲ್ಕು ದಿನ ಗದ್ದಲ, ಸುಮ್ನೆ ಇರಿ. ಅರ್ಧ ಅರ್ಧ ಸರಿ ಯಾವಾಗ ಅಂದರೆ ಇಬ್ಬರ ಬೇಡಿಕೆಯೂ ಹೆಚ್ಚು ಕಡಿಮೆ ಒಂದೇ ತೂಕದ್ದಾಗಿ, ಸಮಯ ಕಡಿಮೆ ಇದ್ದಾಗ. ಆದರೆ ಅರ್ಧ ಅರ್ಧಕ್ಕೆ ಕೈ ಹಾಕುವ ಮೊದಲು ಎದುರಿನವರಿಗೆ ನಿಜಕ್ಕೂ ಏನು ಬೇಕು ಅಂತ ಕೇಳಿ ನೋಡಿ. ಮೇರಿ ಪಾರ್ಕರ್ ಫಾಲೆಟ್ ಎಂಬ ಅಮೆರಿಕದ ಚಿಂತಕಿ 1925ರ ಒಂದು ಭಾಷಣದಲ್ಲಿ ಹೇಳಿದ ಸಂಗತಿ ಇದೆ. ಹಾರ್ವರ್ಡಿನ ಗ್ರಂಥಾಲಯದ ಸಣ್ಣ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆಯಬೇಕಿತ್ತು, ಫಾಲೆಟ್ ಅವರಿಗೆ ಮುಚ್ಚಬೇಕಿತ್ತು. ಅರ್ಧ ತೆರೆದಿದ್ದರೆ ಇಬ್ಬರಿಗೂ ಬೇಜಾರು. ಕೊನೆಗೆ ಪಕ್ಕದ ಖಾಲಿ ಕೋಣೆಯ ಕಿಟಕಿ ತೆರೆದರು. ಆ ಇನ್ನೊಬ್ಬರಿಗೆ ಬೇಕಿದ್ದದ್ದು ಕೋಣೆಯಲ್ಲಿ ಗಾಳಿ. ಆಕೆಗೆ ಬೇಡವಾಗಿದ್ದದ್ದು ನೇರ ಮೈಗೆ ಬೀಸುವ ಉತ್ತರದ ಚಳಿಗಾಳಿ. ಕಿಟಕಿ ಯಾರಿಗೂ ಮುಖ್ಯವಾಗಿರಲಿಲ್ಲ.

ಸೋರುವ ಸೀಲಿಂಗು

ಮುಂಬೈ ಜಗಳಗಳ ರಾಜ ಇದೇ. ಇದರಲ್ಲಿ ಎಲ್ಲಾ ದಾರಿಗಳೂ ಬರುತ್ತವೆ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮೊದಲು ಬಾತ್‌ರೂಮಿನ ಮೂಲೆಯಲ್ಲಿ ಬಣ್ಣ ಉಬ್ಬುತ್ತದೆ. ಆಮೇಲೆ ಉಪ್ಪಿನಂಥ ಬಿಳಿ ಪುಡಿ ಏಳುತ್ತದೆ. ಕೊನೆಗೆ ಹನಿ. ಆಗ ನಾವು ಮಾಡುವುದೇನು? ಸಿಟ್ಟಿನಲ್ಲಿ ಮೇಲೆ ಹೋಗಿ ಬೆಲ್ ಒತ್ತಿ "ನಿಮ್ಮ ನೀರು ನಮ್ಮ ಮನೆಗೆ ಬರ್ತಿದೆ" ಅನ್ನುತ್ತೇವೆ. ಅವರ ಉತ್ತರ ರೆಡಿ ಇರುತ್ತದೆ: "ನಮ್ಮ ಬಾತ್‌ರೂಮು ಒಣಗೇ ಇದೆ, ಬೇಕಾದ್ರೆ ನೋಡಿ." ಅವರು ಹೇಳುವುದು ಸುಳ್ಳಲ್ಲ. ಮೇಲಿನಿಂದ ನೋಡಿದರೆ ಒಣಗೇ ಕಾಣುತ್ತದೆ. ಅದರ ಬದಲು "ಕಾಕಾ, ಒಂದು ನಿಮಿಷ ಕೆಳಗೆ ಬನ್ನಿ, ಏನೋ ತೋರಿಸಬೇಕು" ಅಂತ ಕರೆದು ತಂದು, ಸ್ಟೂಲ್ ಹಾಕಿ, ಆ ಉಬ್ಬಿದ ಜಾಗವನ್ನು ಅವರ ಕೈಯಿಂದಲೇ ಮುಟ್ಟಿಸಿ. ಕೈಗೆ ತೇವ ಹತ್ತಿದ ಮೇಲೆ ಮಾತು ಬೇರೆಯಾಗುತ್ತದೆ. ಟೀ ಕೊಡಿ. ಅವರೂ ಮನುಷ್ಯರೇ, ಟೈಲ್ಸ್ ಒಡೆಯುವ ಖರ್ಚು ನೆನೆದು ಅವರಿಗೂ ಹೊಟ್ಟೆಯಲ್ಲಿ ಕಲಸುತ್ತಿರುತ್ತದೆ.

ಮುಂದಿನ ಕೆಲಸ ಯಾರ ತಪ್ಪು ಅಂತ ತೀರ್ಮಾನಿಸುವುದಲ್ಲ, ನೀರು ಎಲ್ಲಿಂದ ಅಂತ ತಿಳಿಯುವುದು. ಪ್ಲಂಬರ್‌ಗಳು ಕಲರ್ ಟೆಸ್ಟ್ ಮಾಡುತ್ತಾರೆ. ಮೇಲಿನ ಬಾತ್‌ರೂಮಿನ ನಹಾನಿ ಟ್ರ್ಯಾಪ್ (ನೆಲದ ನೀರು ಹೋಗುವ ತೂತು) ಮುಚ್ಚಿ, ನೆಲದ ಮೇಲೆ ಬಣ್ಣದ ನೀರು ನಿಲ್ಲಿಸಿ, ಒಂದೆರಡು ದಿನ ಬಿಡುತ್ತಾರೆ. ಕೆಳಗೆ ಅದೇ ಬಣ್ಣ ಇಳಿದರೆ ಅವರ ನೆಲದ ವಾಟರ್‌ಪ್ರೂಫಿಂಗ್ ಹೋಗಿದೆ. ಇಳಿಯದಿದ್ದರೆ ಪೈಪು ಅಥವಾ ಹೊರಗೋಡೆಯನ್ನು ನೋಡಬೇಕು. ಮಹಾರಾಷ್ಟ್ರದ ಸೊಸೈಟಿಗಳ ಮಾದರಿ ಬೈಲಾ, ಅಂದರೆ ಸೊಸೈಟಿ ನಡೆಸುವ ನಿಯಮಗಳ ಪ್ರಕಾರ ಫ್ಲ್ಯಾಟಿನ ಒಳಗಿನ ಟಾಯ್ಲೆಟ್, ಸಿಂಕುಗಳಿಂದ ಸೋರಿದರೆ ಖರ್ಚು ಆ ಫ್ಲ್ಯಾಟಿನವರದು, ಟೆರೇಸ್ ಸೋರಿದರೆ, ಹೊರಗಿನ ಸಾಮಾನ್ಯ ಪೈಪ್ ಒಡೆದಿದ್ದರೆ ಸೊಸೈಟಿಯದು. ಟೆಸ್ಟಿಗೆ ಮೊದಲೇ "ಆಯ್ತು, ಅರ್ಧ ಅರ್ಧ ಹಾಕೋಣ" ಅನ್ನಬೇಡಿ. ಎಲ್ಲಿಂದ ಅಂತ ಗೊತ್ತಿಲ್ಲದೆ ಮಾಡಿದ ರಿಪೇರಿ ಮುಂದಿನ ಮಳೆಗಾಲಕ್ಕೆ ಮತ್ತೆ ಸೋರುತ್ತದೆ, ಆಗ ದುಡ್ಡೂ ಇಲ್ಲ, ಸ್ನೇಹವೂ ಇಲ್ಲ. ಟೆಸ್ಟ್ ಆದ ಮೇಲೆ ಅರ್ಧ ಹಾಕಿದರೆ ಅದು ನಿಮ್ಮ ದೊಡ್ಡತನ, ಬೇಡ ಅನ್ನುವುದಿಲ್ಲ.

ಮೇಲಿನವರು ಟೆಸ್ಟಿಗೇ ಒಪ್ಪದಿದ್ದರೆ? ಇಲ್ಲಿ ಬಹಳ ಜನ ತಪ್ಪು ತಿಳಿದಿರುವ ವಿಷಯ ಒಂದಿದೆ. ಸೆಕ್ರೆಟರಿಗೆ ಪತ್ರ ಕೊಡುವುದು ಅಂದರೆ ಯುದ್ಧ ಸಾರುವುದು ಅಂತ ಅವರ ಲೆಕ್ಕ. ಅಲ್ಲ. ಬಾಯಿಮಾತಿನ ದೂರು ಕಮಿಟಿಯಲ್ಲಿ ಗಾಳಿಗೆ ಹೋಗುತ್ತದೆ, ಕಮಿಟಿಯಲ್ಲಿ ಕೂತವನಾಗಿ ಹೇಳುತ್ತೇನೆ, ಯಾರೂ ಬೇಕೆಂದೇ ಮಾಡುವುದಲ್ಲ, ಎಲ್ಲರಿಗೂ ಅವರವರ ನೌಕರಿ ಇರುತ್ತದೆ. ಬರೆದು ಕೊಟ್ಟರೆ ಮಾದರಿ ಬೈಲಾ ಪ್ರಕಾರ ಅದನ್ನು ಮುಂದಿನ ಸಭೆಯಲ್ಲೇ ತೆಗೆದುಕೊಳ್ಳಬೇಕು, ಆಮೇಲೆ 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಪತ್ರದಲ್ಲಿ ಬೈಗುಳ ಬೇಡ. ತಾರೀಖು, ಎಲ್ಲಿ ಸೋರುತ್ತಿದೆ, ಫೋಟೊ, ಏನು ಕೇಳುತ್ತಿದ್ದೀರಿ, ಇಷ್ಟೇ. ನಕಲಿನ ಮೇಲೆ ಸೊಸೈಟಿಯ ಸಿಕ್ಕಾ (ಸೀಲು) ಹಾಕಿಸಿ ಇಟ್ಟುಕೊಳ್ಳಿ. ಪತ್ರ ತೆಗೆದುಕೊಳ್ಳಲು ಕಮಿಟಿಯೇ ಒಪ್ಪದಿದ್ದರೆ ಸಹಕಾರಿ ಸೊಸೈಟಿಗಳ ಡೆಪ್ಯುಟಿ ರಿಜಿಸ್ಟ್ರಾರ್ ಬಳಿ ಹೋಗಬಹುದು.

ಇನ್ನೊಂದು ಗೊಂದಲ. ಎಲ್ಲಾ ದೂರನ್ನೂ ರಿಜಿಸ್ಟ್ರಾರ್ ಬಳಿ ಒಯ್ಯುವವರಿದ್ದಾರೆ, ತಿಂಗಳುಗಟ್ಟಲೆ ಕಾದು "ಇದು ನಮ್ಮದಲ್ಲ" ಅನ್ನಿಸಿಕೊಂಡು ವಾಪಸ್ ಬರುತ್ತಾರೆ. ಸದಸ್ಯತ್ವ, ಷೇರ್ ಸರ್ಟಿಫಿಕೇಟ್, ದಾಖಲೆಯ ನಕಲು ಕೊಡದಿರುವುದು, ಇಂಥವು ರಿಜಿಸ್ಟ್ರಾರ್‌ಗೆ. ರಿಪೇರಿ, ಸೋರಿಕೆ, ಪಾರ್ಕಿಂಗ್, ಸಭೆಯ ನಿರ್ಣಯದ ತಕರಾರು 1960ರ ಸಹಕಾರಿ ಕಾಯ್ದೆಯ 91ನೇ ಸೆಕ್ಷನ್ ಪ್ರಕಾರ ಸಹಕಾರಿ ಕೋರ್ಟಿಗೆ. ಅನಧಿಕೃತ ಕಟ್ಟಡ ಪಾಲಿಕೆಗೆ. ಬೆದರಿಕೆ, ಹೊಡೆದಾಟ ಪೊಲೀಸರಿಗೆ. ಸಹಕಾರಿ ಕೋರ್ಟು ನಿಧಾನ, ವಕೀಲರ ಫೀಸು ಬೇರೆ. ಬಾತ್‌ರೂಮ್ ಸೋರಿಕೆಗೆ ಅಲ್ಲಿವರೆಗೆ ಹೋಗುವುದು ಕೊನೆಯ ದಾರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಕೊನೆಯ ದಾರಿ ಇದೆ ಅಂತ ಎದುರಿನವರಿಗೆ ಗೊತ್ತಿದ್ದರೆ ಮೊದಲ ದಾರಿಯಲ್ಲೇ ಕೆಲಸ ಆಗುತ್ತದೆ.

ಗದ್ದಲದ ಜಗಳ ಇದಕ್ಕಿಂತ ಸರಳ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ವಸತಿ ಜಾಗದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಮೊದಲು ಹೋಗಿ ಹೇಳಿ. ರಾತ್ರಿ ಹತ್ತರ ಮೇಲೂ ಸ್ಪೀಕರ್ ಇದ್ದರೆ 112ಕ್ಕೆ ಫೋನ್ ಮಾಡಿ.

ಊರಿನ ಆಸ್ತಿ

ಇದು ನೋಡಲು ವಸ್ತುವಿನ ಜಗಳ, ಒಳಗೆ ಮರ್ಯಾದೆಯ ಜಗಳ. ಮುಂಬೈಯಲ್ಲಿರುವ ಅಣ್ಣ ಫೋನಿನಲ್ಲಿ ಪಾಲಿನ ಮಾತೆತ್ತಿದರೆ ಊರಿನಲ್ಲಿರುವ ತಮ್ಮ ಹೇಳುವುದು ಪಾಲಿನ ಮಾತನ್ನಲ್ಲ. "ಅಣ್ಣ, ನೀನು ಅಲ್ಲಿ ಕೂತು ಮಾತಾಡ್ತೀಯ. ಅಮ್ಮನನ್ನು ರಾತ್ರಿ ಎತ್ತಿ ಆಸ್ಪತ್ರೆಗೆ ಹಾಕಿದ್ದು ನಾನು." ಅಣ್ಣನ ಬಾಯಲ್ಲಿ ಬರುವುದು, "ಮನೆಗೆ ಹೆಂಚು ಹಾಕ್ಸಿದ್ದು ಯಾರ ದುಡ್ಡಲ್ಲಿ?" ಇಬ್ಬರೂ ಕೇಳುತ್ತಿರುವುದು ಒಂದೇ. ನಾನು ಮಾಡಿದ್ದನ್ನು ಯಾರಾದರೂ ಹೌದು ಅನ್ನಲಿ.

ಇಂಥಲ್ಲಿ ವಕೀಲರ ನೋಟಿಸು ಮೊದಲ ಹೆಜ್ಜೆಯಾದರೆ ಕೆಟ್ಟಿತು. ಬದಲು, ಪಾಲಿನ ಮಾತಿಗೆ ಮೊದಲು ಒಂದು ಲೆಕ್ಕ ಬರೆಯಿರಿ. ಅಮ್ಮನನ್ನು ಯಾರು ನೋಡಿಕೊಂಡರು, ಎಷ್ಟು ವರ್ಷ, ತೋಟಕ್ಕೆ ಯಾರು ಎಷ್ಟು ಹಾಕಿದರು, ಮನೆ ರಿಪೇರಿಗೆ ಯಾರು. ಅದನ್ನು ಎಲ್ಲರ ಮುಂದೆ ಓದಿ. ಕಾನೂನಿನಲ್ಲಿ ಅದಕ್ಕೆ ಪಾಲು ಬರುತ್ತದೋ ಇಲ್ಲವೋ, ಎಲ್ಲರ ಮುಂದೆ ಓದಿದ್ದಕ್ಕೇ ಅರ್ಧ ಉರಿ ಕಡಿಮೆಯಾಗುತ್ತದೆ. ಆಮೇಲೆ ಸರ್ವೆ ನಂಬರ್ ತೆಗೆಯಿರಿ.

ಮೂರನೆಯವರಾಗಿ ಯಾರನ್ನು ಕೂರಿಸಬೇಕು? ಸೋದರಮಾವನಾ, ಭಾವನಾ, ಗುತ್ತಿನ (ಊರಿನ ದೊಡ್ಡ ಮನೆತನದ) ಹಿರಿಯರಾ, ಇಲ್ಲಿನ ಸಂಘದ ಯಾರಾದರೂ ಹಿರಿಯರಾ? ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜ್‌ನ ಬಿಲ್ಲವರ ಅಸೋಸಿಯೇಷನ್, ಮಾಟುಂಗಾದ ಕರ್ನಾಟಕ ಸಂಘ, ಮೈಸೂರು ಅಸೋಸಿಯೇಷನ್, ಇಂಥ ಕಡೆ ಎರಡೂ ಮನೆಯವರನ್ನು ಬಲ್ಲವರು ಸಿಗುತ್ತಾರೆ. ಆದರೆ ಆರಿಸುವಾಗ ವಯಸ್ಸು, ದುಡ್ಡು ನೋಡಬೇಡಿ, ಎರಡು ವಿಷಯ ನೋಡಿ. ಇವರಿಗೆ ಈ ಆಸ್ತಿಯಲ್ಲಿ, ಇಲ್ಲಿನ ಯಾರದೋ ಸಾಲದಲ್ಲಿ ಕೈ ಇರಬಾರದು. ಮತ್ತೆ ಇವರು ಹೆಂಗಸರ ಮಾತನ್ನು ಪೂರ್ತಿ ಕೇಳುವವರಾಗಿರಬೇಕು. ಎರಡನೆಯದು ಸುಮ್ನೆ ಹೇಳಿದ್ದಲ್ಲ. "ಅಕ್ಕ, ಇಲ್ಲೊಂದು ಸೈನ್ ಹಾಕು, ಟೈಮಾಯ್ತು" ಅಂತ ಚೌತಿಗೆ ಬಂದ ಅಕ್ಕನ ಕೈಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದ ಮನೆಗಳು ಎಷ್ಟಿಲ್ಲ? ಆಗ ಜಗಳ ಆಗಲಿಲ್ಲ, ನಿಜ. ಮುಂದಿನ ತಲೆಮಾರಿಗೆ ಎತ್ತಿಟ್ಟರು ಅಷ್ಟೇ.

ಕಾನೂನು ಸ್ಥೂಲವಾಗಿ ಹೀಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಆ ಕಾಯ್ದೆ ಬಂದ ದಿನ ಅಪ್ಪ ಬದುಕಿರಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆಗಿಯೋ ಕೋರ್ಟಿನ ಡಿಕ್ರಿಯಿಂದಲೋ ಆದ ಪಾಲನ್ನು ಮತ್ತೆ ತೆರೆಯುವುದಿಲ್ಲ. ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಕುಟುಂಬಗಳ ಕತೆ ಬೇರೆ. ಅಲ್ಲಿ ತಾಯಿಯ ಕಡೆಯಿಂದ ಬರುವ ಕವರು (ಕುಟುಂಬದ ಕವಲು), 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಎಲ್ಲಾ ಒಟ್ಟಿಗೆ ನೋಡಬೇಕು. ಮುಂಬೈ ವಕೀಲರಿಗೆ ಇದರ ರೂಢಿ ಕಡಿಮೆ, ಉಡುಪಿ ಅಥವಾ ಮಂಗಳೂರಿನ ವಕೀಲರನ್ನೇ ಕೇಳಿ. ಕೇಳುವುದು ಅಂದರೆ ಕೇಸ್ ಹಾಕುವುದಲ್ಲ. ನಿಮ್ಮ ಹಕ್ಕು ಎಷ್ಟು ಅಂತ ತಿಳಿದುಕೊಂಡು ಬಿಟ್ಟುಕೊಟ್ಟರೆ ಅದು ಪ್ರೀತಿ, ತಿಳಿಯದೆ ಬಿಟ್ಟರೆ ಹತ್ತು ವರ್ಷದ ಮೇಲೆ ಕಹಿ.

ಹಿರಿಯರ ಮಾತಿಗೂ ಬಗ್ಗದಿದ್ದರೆ ಕೋರ್ಟಿಗೆ ಮೊದಲು ಕಾನೂನು ಸೇವಾ ಪ್ರಾಧಿಕಾರದ ಕಡೆ ನೋಡಿ. 1987ರ ಕಾಯ್ದೆಯ ಲೋಕ ಅದಾಲತ್‌ಗೆ ಕೇಸ್ ಹಾಕುವ ಮೊದಲೂ ಹೋಗಬಹುದು. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ವಕೀಲರು ಉಚಿತ. ಅಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಇದೇ ಅದರ ಬಲ, ಇದೇ ಅದರ ಅಪಾಯ. ಸಹಿ ಹಾಕುವ ಮೊದಲು ಎರಡು ಸಲ ಓದಿ. ಅಲ್ಲೂ ಆಗದಿದ್ದರೆ ಪಾಲಿನ ದಾವೆ. "ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ" ಅನ್ನುವ ಗಾದೆ ಹುಟ್ಟಿದ್ದೇ ಇಂಥ ದಾವೆಗಳಿಂದ ಇರಬೇಕು. ಆದರೂ ಒಬ್ಬ ತಮ್ಮ ಜಾಗವನ್ನು ಗುಟ್ಟಾಗಿ ಮಾರಲು ಹೊರಟಿದ್ದರೆ ಹಿರಿಯರಿಗೆ ಕಾಯುತ್ತಾ ಕೂರಬೇಡಿ, ತಡೆಯಾಜ್ಞೆ ಕೋರ್ಟಿನಿಂದ ಮಾತ್ರ ಸಿಗುತ್ತದೆ.

ಮಕ್ಕಳು ನೋಡಿಕೊಳ್ಳುತ್ತಿಲ್ಲ ಅನ್ನುವ ಅಪ್ಪ ಅಮ್ಮನಿಗೆ 2007ರ ಹಿರಿಯ ನಾಗರಿಕರ ಕಾಯ್ದೆಯ ಟ್ರಿಬ್ಯೂನಲ್ ಇದೆ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಬರೆದುಕೊಟ್ಟ ಮನೆಯನ್ನು, ಷರತ್ತು ಮುರಿದರೆ ವಾಪಸ್ ಪಡೆಯಲು ಅಲ್ಲಿ ದಾರಿಯಿದೆ. ಸಹಾಯವಾಣಿ 14567.

ಹೋಟೆಲು, ಸಾಲ, ಬಾಡಿಗೆ

ಪಾರ್ಟ್ನರ್‌ಶಿಪ್ ಜಗಳದಲ್ಲಿ ನಮ್ಮವರ ದೊಡ್ಡ ತೊಂದರೆ ನಂಬಿಕೆಯೇ. "ಶೆಟ್ರೇ, ನಮ್ಮಲ್ಲಿ ಬರಹ ಯಾಕೆ?" ಅಂತ ಶುರುವಾಗುತ್ತದೆ. ಗಲ್ಲೆಯಲ್ಲಿ ಕೂರುವವನು ಒಬ್ಬ, ದುಡ್ಡು ಹಾಕಿದವನು ಇನ್ನೊಬ್ಬ. ಫರ್ಮು ರಿಜಿಸ್ಟರ್ ಆಗಿರದಿದ್ದರೆ 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ ಒಪ್ಪಂದದ ಹಕ್ಕಿಗಾಗಿ ಒಬ್ಬ ಪಾರ್ಟ್ನರ್ ಇನ್ನೊಬ್ಬನ ಮೇಲೆ ದಾವೆ ಹಾಕುವುದೇ ಕಷ್ಟ. ಹಾಗಾಗಿ ಜಗಳ ಶುರುವಾಗುವ ಮುಂಚೆಯೇ ಇದನ್ನು ಮಾಡಿಸಿ. ಆಗಲೇ ಜಗಳದಲ್ಲಿದ್ದರೆ ಮಧ್ಯಸ್ಥಿಕೆ ಇಲ್ಲಿ ಎಲ್ಲಕ್ಕಿಂತ ಒಳ್ಳೆಯದು, ಯಾಕೆಂದರೆ ಕೋರ್ಟಿನ ಸುದ್ದಿ ಹಬ್ಬಿದರೆ ಹಾಲಿನವನು, ಕಿರಾಣಿಯವನು ಉದ್ರಿ ನಿಲ್ಲಿಸುತ್ತಾನೆ. ಮಧ್ಯಸ್ಥಿಕೆಯಲ್ಲಿ ಮಾತಾಡಿದ್ದು ಹೊರಗೆ ಹೋಗುವುದಿಲ್ಲ. 3 ಲಕ್ಷಕ್ಕೆ ಮೇಲಿನ ವ್ಯಾಪಾರಿ ತಕರಾರಿಗೆ, ತುರ್ತು ಆದೇಶ ಬೇಕಾಗಿಲ್ಲದಿದ್ದರೆ, ಕೇಸಿಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯ ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅವಧಿ ಮೂರು ತಿಂಗಳು, ಇಬ್ಬರೂ ಒಪ್ಪಿದರೆ ಇನ್ನೆರಡು. ಹೇಗೂ ಹೋಗಲೇಬೇಕು, ಸುಮ್ನೆ ಶಾಸ್ತ್ರಕ್ಕೆ ಹೋಗದೆ ಲೆಕ್ಕದ ಪುಸ್ತಕ ಹಿಡಿದು ಹೋಗಿ.

ಕೈಸಾಲದಲ್ಲಿ ಸುಮ್ಮನಿರುವುದೇ ಕೆಟ್ಟ ದಾರಿ. ದುಡ್ಡಿನ ದಾವೆಗೆ ಮೂರು ವರ್ಷದ ಗಡುವು. ನೆಂಟ ಅಂತ ಸಂಕೋಚಪಟ್ಟು ನಾಲ್ಕು ವರ್ಷ ಕಾದರೆ ದುಡ್ಡೂ ಹೋಯಿತು, ನೆಂಟಸ್ತಿಕೆ ಮೊದಲೇ ಹೋಗಿರುತ್ತದೆ. ಗಡುವಿನೊಳಗೆ "ಇಷ್ಟು ಕೊಡಬೇಕಿದೆ" ಅಂತ ಬರೆದು ಸಹಿ ಮಾಡಿಸಿಕೊಂಡರೆ ಆ ದಿನದಿಂದ ಮತ್ತೆ ಮೂರು ವರ್ಷ. ಕೇಳುವ ಮಾತೂ ಸುಲಭ: "ಭಾವ, ಅವಸರ ಇಲ್ಲ, ಆದ್ರೆ ನನಗೂ ಲೆಕ್ಕ ಬೇಕಲ್ಲ, ಒಂದು ಚೀಟಿ ಬರೆದುಕೊಡಿ." ಚೆಕ್ ಬೌನ್ಸ್ ಆದರೆ ಮಾತ್ರ ಗಡಿಬಿಡಿ ಮಾಡಿ. ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್, ದುಡ್ಡು ಕೊಡಲು ಅವರಿಗೆ 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು.

ಬಾಡಿಗೆ ಮನೆಯ ಡಿಪಾಸಿಟ್ ಜಗಳದಲ್ಲಿ ಒಳ್ಳೆಯತನಕ್ಕಿಂತ ಕಾಗದ ದೊಡ್ಡದು. 1999ರ ಬಾಡಿಗೆ ಕಾಯ್ದೆಯಲ್ಲಿ ಲೀವ್ ಅಂಡ್ ಲೈಸೆನ್ಸ್ ಅನ್ನುವ ಬಾಡಿಗೆ ಕರಾರು ರಿಜಿಸ್ಟರ್ ಮಾಡಿಸುವುದು ಓನರ್ ಹೊಣೆ. ಮನೆಗೆ ಹೋಗುವ ದಿನ, ಬಿಡುವ ದಿನ, ಎರಡು ಸಲವೂ ಗೋಡೆಯ ವಿಡಿಯೋ ಮಾಡಿ. ಇಷ್ಟೇ.

ಆಫೀಸು

ಕೆಲಸ ಹೇಗೆ ಮಾಡಬೇಕು ಅನ್ನುವ ಜಗಳ ಒಳ್ಳೆಯದು, ಮನುಷ್ಯನ ಮೇಲಿನ ಜಗಳ ಕೆಟ್ಟದು ಅಂತ ಮ್ಯಾನೇಜರುಗಳು ಹೇಳುತ್ತಿರುತ್ತಾರೆ. ಕ್ಯಾರನ್ ಜೇನ್ ಎಂಬ ಸಂಶೋಧಕಿ 1995ರಲ್ಲಿ ಈ ಎರಡನ್ನು ಬೇರೆ ಮಾಡಿ ನೋಡಿದ್ದರು. 2003ರಲ್ಲಿ ಡೆ ಡ್ರೂ ಮತ್ತು ವೈನ್‌ಗಾರ್ಟ್ ಹಲವು ಅಧ್ಯಯನ ಸೇರಿಸಿ ನೋಡಿದಾಗ ಎರಡೂ ತಂಡದ ಕೆಲಸಕ್ಕೆ ಪೆಟ್ಟು ಕೊಡುತ್ತವೆ ಅಂತಲೇ ಕಂಡಿತು. ಆಶ್ಚರ್ಯವಿಲ್ಲ. "ನಿನ್ನ ರಿಪೋರ್ಟ್ ಸರಿ ಇಲ್ಲ" ಅನ್ನುವುದು ಸಂಜೆ ಲೋಕಲ್ ಹತ್ತುವಷ್ಟರಲ್ಲಿ "ನಿನಗೆ ಏನೂ ಬರಲ್ಲ" ಅಂತ ಕಿವಿಯಲ್ಲಿ ಕೂತಿರುತ್ತದೆ. ಹಾಗಾಗಿ ಎಲ್ಲರೆದುರು ಮೀಟಿಂಗಿನಲ್ಲಿ ಅಲ್ಲ, ಒಬ್ಬರೇ ಇದ್ದಾಗ, ಅದೇ ದಿನ, ಒಂದೇ ವಿಷಯ ಹೇಳಿ. ನಿಮ್ಮ ಕೆಲಸ ಬೇರೆಯವರ ಹೆಸರಲ್ಲಿ ಹೋಗುತ್ತಿದ್ದರೆ ಜಗಳಕ್ಕಿಂತ ಈಮೇಲ್ ಒಳ್ಳೆಯದು. ಕೆಲಸ ಮುಗಿದ ದಿನವೇ ಮೇಲಿನವರಿಗೆ ನಾಲ್ಕು ಸಾಲು ಕಳಿಸುವ ರೂಢಿ ಇಟ್ಟುಕೊಳ್ಳಿ.

ಲೈಂಗಿಕ ಕಿರುಕುಳ ಈ ಪಟ್ಟಿಯಲ್ಲಿ ಬರುವುದಿಲ್ಲ, ಅದನ್ನು "ಮಾತಾಡಿ ಸರಿಮಾಡಿಕೊಳ್ಳಿ" ಅನ್ನುವ ಹಕ್ಕು ಯಾವ ಬಾಸಿಗೂ ಇಲ್ಲ. 2013ರ ಕಾಯ್ದೆಯಂತೆ ಹತ್ತು ಜನ ಅಥವಾ ಹೆಚ್ಚು ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿ. ಮೂರು ತಿಂಗಳೊಳಗೆ ದೂರು ಕೊಡಬೇಕು. ರಾಜಿ ದೂರು ಕೊಟ್ಟವರು ಕೇಳಿದರೆ ಮಾತ್ರ, ಅದೂ ದುಡ್ಡಿನ ಮೇಲೆ ಆಗುವಂತಿಲ್ಲ.

ಭಯ ಇರುವ ಕಡೆ

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಅನ್ನುವ ಗಾದೆ ಅರ್ಧ ಮನೆಗಳಿಗೆ ಸರಿ. ಹೊಡೆತ ಇರುವ ಮನೆಗೆ ಅದನ್ನು ಹೇಳುವುದು ಪಾಪ. ಮನಸ್ತಾಪ ಮಾತ್ರ ಇದ್ದರೆ ಕೌನ್ಸೆಲಿಂಗ್ ನಿಜಕ್ಕೂ ಕೆಲಸ ಮಾಡುತ್ತದೆ, 1984ರ ಕಾಯ್ದೆಯ ಫ್ಯಾಮಿಲಿ ಕೋರ್ಟಿನಲ್ಲೂ, ಬಾಂದ್ರಾದಲ್ಲಿದೆ, ಕೌನ್ಸೆಲರ್‌ಗಳಿದ್ದಾರೆ. ಅತ್ತೆ ಮಾವನನ್ನು ಕೂರಿಸಿ ಪಂಚಾಯ್ತಿ ಮಾಡುವುದಕ್ಕಿಂತ ಅದು ನೂರು ಪಾಲು ಉತ್ತಮ. ಆದರೆ ಒಬ್ಬರು ಇನ್ನೊಬ್ಬರಿಗೆ ಹೆದರಿ ಕೂತಿರುವಾಗ ಮಧ್ಯಸ್ಥಿಕೆ ಅನ್ನುವುದು ನಾಟಕ. ಹೆದರಿದವರು ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಆಗ 112, ಅಥವಾ ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಅದೇ ಮನೆಯಲ್ಲಿ ಉಳಿಯುವ ಹಕ್ಕು, ರಕ್ಷಣೆಯ ಆದೇಶ ಎರಡೂ ಇವೆ.

ಠಾಣೆಗೆ ಹೋದರೆ ಮುಂಬೈಯಲ್ಲಿ ಮೊದಲು ಕೇಳುವ ಮಾತು "ಎನ್‌ಸಿ ಲಿಖ್ ದೇತಾ ಹೂಂ." ಎನ್‌ಸಿ ಬರೆದುಕೊಡ್ತೀನಿ ಅಂತ ಅರ್ಥ. ಎನ್‌ಸಿ ಅಂದರೆ ನಾನ್ ಕಾಗ್ನಿಜಬಲ್ ದೂರು, ಬೈಗುಳದಂಥ ಸಣ್ಣ ಅಪರಾಧಕ್ಕೆ ಅದು. ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ನೆರೆಹೊರೆಯ ಕಿರಿಕಿರಿಗೆ ಎನ್‌ಸಿ ಒಂದು ದಾಖಲೆಯಾಗಿ ಸಾಕು. ಗಂಭೀರ ಗಾಯ, ಗಂಡನ ಮನೆಯವರ ಕ್ರೌರ್ಯ, ಲೈಂಗಿಕ ದೌರ್ಜನ್ಯ ಇದ್ದರೆ ಎನ್‌ಸಿಗೆ ಒಪ್ಪಬೇಡಿ, ಎಫ್‌ಐಆರ್ ಕೇಳಿ.

ಗುಂಪಿನ ಜಗಳ

ಇದು ನಮಗೆ ಹೊಸದಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದ ಕಾಲದಲ್ಲಿ ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದದ್ದು, 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿಯ ಹೆಸರಲ್ಲಿ ಮುಂಬೈ ಹೊತ್ತಿಕೊಂಡದ್ದು ಹಳಬರಿಗೆ ಗೊತ್ತು. ಇಂಥ ಜಗಳದಲ್ಲಿ ನೀವು ಎಷ್ಟು ಒಳ್ಳೆಯವರು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ, ನಿಮ್ಮ ಬೋರ್ಡ್ ಯಾವ ಭಾಷೆಯಲ್ಲಿದೆ ಅನ್ನುವುದಷ್ಟೇ ಬರುತ್ತದೆ. ಕೆಲಸ ಮಾಡಿದ ಒಂದು ದಾರಿ ನಮ್ಮ ಪಕ್ಕದಲ್ಲೇ ಇದೆ. 1970ರಲ್ಲಿ, 1984ರಲ್ಲಿ ಗಲಭೆಯಾಗಿದ್ದ ಭಿವಂಡಿ 1992-93ರಲ್ಲಿ ಮುಂಬೈ ಉರಿಯುವಾಗ ಶಾಂತವಾಗಿತ್ತು. ಅದಕ್ಕೆ ಮೊದಲೇ ಸುರೇಶ್ ಖೋಪಡೆ ಎಂಬ ಪೊಲೀಸ್ ಅಧಿಕಾರಿ ಗಲ್ಲಿ ಗಲ್ಲಿಯಲ್ಲಿ ಎರಡೂ ಧರ್ಮದ ಸಾಮಾನ್ಯರನ್ನು ಸೇರಿಸಿ ಮೊಹಲ್ಲಾ ಸಮಿತಿ ಕಟ್ಟಿದ್ದರು. ಜಗಳ ಇಲ್ಲದ ದಿನಗಳಲ್ಲಿ ಕೂತವರು ಜಗಳದ ರಾತ್ರಿ ಒಬ್ಬರಿಗೊಬ್ಬರು ಫೋನ್ ಮಾಡಬಲ್ಲರು. ಸೊಸೈಟಿಯ ಗಣಪತಿಗೆ ವರ್ಗಣಿ (ಚಂದಾ) ಕೊಟ್ಟು, ಆರತಿಗೆ ಹೋಗಿ ನಿಲ್ಲುವುದರಲ್ಲಿ ಇಷ್ಟು ಲಾಭ ಇದೆ. ಗ್ರೂಪಿನಲ್ಲಿ ಗಡಿಯ ವಿಷಯ ಬಂದಾಗ ಮಾತ್ರ ಉತ್ತರ ಬರೆಯಬೇಡಿ, ದಯವಿಟ್ಟು.

ರಾಜಿಯಾದ ಮೇಲೆ

ಬಾಯಲ್ಲಿ ಆದ ರಾಜಿ ಮುಂದಿನ ದೀಪಾವಳಿಗೆ ಎರಡು ಬೇರೆ ರಾಜಿಗಳಾಗಿರುತ್ತವೆ. ಬರೆಯಿರಿ. ಯಾರು, ಏನು, ಎಷ್ಟು, ಯಾವ ತಾರೀಖಿನೊಳಗೆ, ತಪ್ಪಿದರೆ ಏನು. ಎಲ್ಲರ ಸಹಿ, ಇಬ್ಬರು ಸಾಕ್ಷಿ. ಸೋರಿಕೆಯ ರಾಜಿಗೆ ಒಂದು ಹಾಳೆ ಸಾಕು, ಕಮಿಟಿಗೆ ನಕಲು ಕೊಡಿ.

ಜಮೀನಿನದಾದರೆ ಹಾಳೆ ಸಾಲದು. ಹಿಂದೆಯೇ ಬಾಯಿಮಾತಿನಲ್ಲಿ ಆಗಿಹೋದ ಕುಟುಂಬದ ಒಪ್ಪಂದವನ್ನು ನೆನಪಿಗೆ ಬರೆದಿಟ್ಟರೆ ಅದಕ್ಕೆ ರಿಜಿಸ್ಟ್ರೇಷನ್ ಬೇಡ. ಬರೆದ ಪತ್ರದಿಂದಲೇ ಪಾಲಾಗುವುದಾದರೆ ಬೇಕು, ಅದೂ ಜಮೀನು ಇರುವ ಕಡೆಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಪಹಣಿ, ಸರ್ವೆ ನಕ್ಷೆ ಮೊದಲೇ ತೆಗೆಸಿಡಿ, ಇಲ್ಲದಿದ್ದರೆ ಮುಂಬೈಯಿಂದ ಮತ್ಸ್ಯಗಂಧ ರೈಲು ಹತ್ತಿ ಹೋದವರು ಅದೇ ಗಾಡಿಯಲ್ಲಿ ವಾಪಸ್ ಬರಬೇಕಾಗುತ್ತದೆ. ಬರಲು ಆಗದವರು ಇಲ್ಲಿಯೇ, ತಾವಿರುವ ಕಡೆಯ ಸಬ್ ರಿಜಿಸ್ಟ್ರಾರ್ ಎದುರು ಪವರ್ ಆಫ್ ಅಟಾರ್ನಿ ಮಾಡಿ ಕಳಿಸಬಹುದು. ಬರೀ ನೋಟರಿ ಮಾಡಿಸಿ ಕಳಿಸಿದರೆ ಅಲ್ಲಿ ನಡೆಯುವುದಿಲ್ಲ.